ವಿಮಾನ ಹಗುರಾದರೆ ಮಿತಿ ಯಾಕೆ ಇಳಿಯುತ್ತದೆ?

ಪ್ರಶ್ನೆ: ನಾನು ಸೆಸ್ನಾ 152 ವಿಮಾನದಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದೇನೆ. ಹದಿನೆಂಟು ಗಂಟೆ ಹಾರಾಟ ಮುಗಿದಿದೆ, ಇನ್‌ಸ್ಟ್ರಕ್ಟರ್ ಇಲ್ಲದೆ ಒಂಟಿಯಾಗಿ ಹಾರುವ ಮೊದಲ ಸೋಲೋ ಇನ್ನೇನು ಬರಬಹುದು. ಕೈಪಿಡಿಯ ಮಿತಿಗಳ ಅಧ್ಯಾಯವನ್ನು ಬಾಯಿಪಾಠ ಮಾಡಿದ್ದೇನೆ. ಆದರೆ ಕೆಲವು ಸಂಗತಿಗಳು ತಲೆಗೆ ಹತ್ತುತ್ತಿಲ್ಲ. ವಿಮಾನ ಹಗುರಾದಂತೆ ಮ್ಯಾನುವರಿಂಗ್ ವೇಗ, ಅಂದರೆ ಕಂಟ್ರೋಲನ್ನು ಒಮ್ಮೆಗೇ ಪೂರ್ತಿ ಎಳೆದರೂ ವಿಮಾನಕ್ಕೆ ಪೆಟ್ಟಾಗದ ವೇಗದ ಮಿತಿ, 104 ನಾಟ್‌ನಿಂದ 93ಕ್ಕೆ ಇಳಿಯುತ್ತದೆ ಎಂದಿದೆ. ಭಾರ ಕಡಿಮೆಯಾದರೆ ವಿಮಾನ ಹೆಚ್ಚು ತಡೆದುಕೊಳ್ಳಬೇಕಲ್ಲವೇ? ಇನ್ನೊಂದು, ನಾವಿಬ್ಬರೇ ಹೋಗುವಾಗಲೂ ನಮ್ಮ ಇನ್‌ಸ್ಟ್ರಕ್ಟರ್ ಟ್ಯಾಂಕ್ ಪೂರ್ತಿ ತುಂಬಿಸಲು ಬಿಡುವುದಿಲ್ಲ. ನಾನು 84 ಕೆಜಿ, ಅವರು 91. ಅಡ್ಡಗಾಳಿಯ 12 ನಾಟ್ ಮಿತಿಯೇ ಅಲ್ಲ ಎಂದು ಸೀನಿಯರ್‌ಗಳು ಹೇಳುತ್ತಾರೆ, ಆದರೆ ನಮ್ಮ ಸರ್ 7 ನಾಟ್‌ಗೇ ಸೋಲೋ ನಿಲ್ಲಿಸುತ್ತಾರೆ. ಕೊನೆಯದಾಗಿ, ವೇಗದ ಮೀಟರಿನ ಕೆಂಪು ಗೆರೆ ದಾಟಿದರೆ ನಿಜವಾಗಿ ಏನಾಗುತ್ತದೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯನ್ನೇ ನಾನು ನನ್ನ ಇನ್‌ಸ್ಟ್ರಕ್ಟರ್‌ಗೆ ಕೇಳಿದ್ದೆ. ನಂತರ ನಾನು ಕಲಿಸಿದ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರೂ ಕೇಳಿದ್ದಾರೆ. ಕೇಳದೆ ಬಾಯಿಪಾಠ ಮಾಡಿದವರ ಬಗ್ಗೆ ನನಗೆ ಆತಂಕ ಹೆಚ್ಚು. ಮಿತಿಗಳ ಪುಟದಲ್ಲಿ ಎಲ್ಲ ಸಂಖ್ಯೆಗಳೂ ಒಂದೇ ಅಕ್ಷರದಲ್ಲಿ ಅಚ್ಚಾಗಿರುತ್ತವೆ, ಹಾಗಾಗಿ ಎಲ್ಲವೂ ಒಂದೇ ಜಾತಿಯವು ಅನ್ನಿಸಿಬಿಡುತ್ತದೆ. ಹಾಗಲ್ಲ. ಕೆಲವು ಸಂಖ್ಯೆಗಳು ಗೋಡೆ ಇದ್ದಂತೆ, ಅಲ್ಲಾಡುವುದಿಲ್ಲ. ಕೆಲವು ಅಂದಿನ ತೂಕಕ್ಕೆ, ಬಿಸಿಲಿಗೆ ತಕ್ಕಂತೆ ಜಾಗ ಬದಲಿಸುತ್ತವೆ. ಇನ್ನು ಕೆಲವು ಮಿತಿಯೇ ಅಲ್ಲ, ಪರೀಕ್ಷೆಯ ದಿನ ಕಂಡದ್ದರ ದಾಖಲೆ. ಯಾವುದು ಯಾವ ಜಾತಿಯದು ಎಂದು ಗೊತ್ತಿದ್ದರೆ ನಿಮ್ಮ ನಾಲ್ಕೂ ಪ್ರಶ್ನೆಗಳಿಗೆ ದಾರಿ ಸಿಗುತ್ತದೆ.

ಮ್ಯಾನುವರಿಂಗ್ ವೇಗದಿಂದ ಶುರು ಮಾಡೋಣ. ಖಾಲಿ ಟ್ರೇಲರ್ ಕಟ್ಟಿಕೊಂಡು ಹೊಲದ ದಾರಿಯಲ್ಲಿ ಹೋಗುವ ಟ್ರ್ಯಾಕ್ಟರನ್ನು ನೋಡಿದ್ದೀರಲ್ಲ? ಸಣ್ಣ ಗುಂಡಿ ಸಿಕ್ಕರೂ ಟ್ರೇಲರ್ ಎಗರಿ ಬೀಳುತ್ತದೆ, ಕೀಲುಗಳೆಲ್ಲ ಗಡಗಡ ಎನ್ನುತ್ತವೆ. ಅದೇ ಟ್ರೇಲರಿಗೆ ಕಬ್ಬು ಹೇರಿದರೆ ಅದೇ ಗುಂಡಿಯಲ್ಲಿ ಮೆತ್ತಗೆ ಇಳಿದು ಏರುತ್ತದೆ. ಗುಂಡಿ ಕೊಟ್ಟ ಪೆಟ್ಟು ಎರಡು ಸಲವೂ ಹೆಚ್ಚುಕಡಿಮೆ ಒಂದೇ. ಪೆಟ್ಟು ತಿಂದ ವಸ್ತು ಹಗುರವಾಗಿದ್ದಾಗ ಅದು ಹೆಚ್ಚು ಜೋರಾಗಿ ಎಗರುತ್ತದೆ, ಅಷ್ಟೇ.

ವಿಮಾನದಲ್ಲೂ ಇದೇ ಲೆಕ್ಕ. ಒಂದು ನಿರ್ದಿಷ್ಟ ವೇಗದಲ್ಲಿ ರೆಕ್ಕೆ ಇಷ್ಟೇ ಎತ್ತುವ ಬಲ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಕೇಳಿದರೆ ಸ್ಟಾಲ್ ಆಗುತ್ತದೆ, ಬಲ ಬಿದ್ದುಹೋಗುತ್ತದೆ. ಆ ಗರಿಷ್ಠ ಬಲ ಎಷ್ಟು ಎನ್ನುವುದು ವಿಮಾನದೊಳಗೆ ಎಷ್ಟು ಜನ ಕೂತಿದ್ದಾರೆ ಎನ್ನುವುದರ ಮೇಲೆ ನಿಂತಿಲ್ಲ. 152ರ ಗರಿಷ್ಠ ತೂಕ 1,670 ಪೌಂಡ್, ನಮ್ಮ ಲೆಕ್ಕದಲ್ಲಿ 757 ಕೆಜಿ. ಫ್ಲಾಪ್, ಅಂದರೆ ಇಳಿಯುವಾಗ ರೆಕ್ಕೆಯ ಹಿಂದೆ ಕೆಳಗೆ ಬಾಗಿಸುವ ಪಟ್ಟಿ, ಎತ್ತಿದ್ದಾಗ ಅದಕ್ಕೆ ಒಪ್ಪಿದ ಲೋಡ್ ಫ್ಯಾಕ್ಟರ್ ಮೇಲ್ಮುಖವಾಗಿ 4.4 ಜಿ, ಅಂದರೆ ತನ್ನ ತೂಕದ 4.4 ಪಟ್ಟು. ಅಂದರೆ ರೆಕ್ಕೆ ಸುಮಾರು 3,330 ಕೆಜಿಯಷ್ಟು ಎತ್ತುತ್ತಿರುವಾಗ ವಿಮಾನ ತನ್ನ ಮಿತಿಯಲ್ಲಿದೆ. 104 ನಾಟ್‌ನಲ್ಲಿ ನೀವು ಕಂಟ್ರೋಲನ್ನು ಒಮ್ಮೆಗೇ ಹೊಟ್ಟೆಯವರೆಗೆ ಎಳೆದರೆ ರೆಕ್ಕೆ ಹೆಚ್ಚುಕಡಿಮೆ ಅಷ್ಟು ಬಲ ಮುಟ್ಟಿ ಸ್ಟಾಲ್ ಆಗುತ್ತದೆ. ಸ್ಟಾಲೇ ಇಲ್ಲಿ ನಿಮ್ಮ ರಕ್ಷಕ. ಮನೆಯ ಫ್ಯೂಸ್ ಹಾರಿ ವೈರಿಂಗ್ ಉಳಿಯುವ ಹಾಗೆ.

ಈಗ ಅದೇ ವಿಮಾನ 1,350 ಪೌಂಡ್, ಅಂದರೆ 612 ಕೆಜಿ ಇದೆ ಅನ್ನಿ. 104 ನಾಟ್‌ನಲ್ಲೇ ಕಂಟ್ರೋಲ್ ಎಳೆಯಿರಿ. ರೆಕ್ಕೆ ಮತ್ತೆ ಆ 3,330 ಕೆಜಿ ಬಲವನ್ನೇ ಕೊಡುತ್ತದೆ. 3,330ನ್ನು 612ರಿಂದ ಭಾಗಿಸಿ, 5.4 ಜಿ ಬರುತ್ತದೆ. ಮಿತಿ 4.4. ಸ್ಟಾಲ್ ನಿಮ್ಮನ್ನು ಕಾಪಾಡುವುದಕ್ಕೆ ಮೊದಲೇ ಮಿತಿ ದಾಟಿ ಹೋಗಿದ್ದೀರಿ. ಫ್ಯೂಸ್ ತಡವಾಗಿ ಹಾರಿತು.

“ಆದರೆ ರೆಕ್ಕೆಯ ಮೇಲೆ ಬಿದ್ದ ಬಲ ಎರಡು ಸಲವೂ ಒಂದೇ ತಾನೆ, ರೆಕ್ಕೆ ಯಾಕೆ ಮುರಿಯಬೇಕು?” ಎಂದು ನೀವು ಕೇಳಿದರೆ ನಾನು ಮೆಚ್ಚಿಕೊಳ್ಳುತ್ತೇನೆ. ನಿಜ, ರೆಕ್ಕೆಯ ಬುಡಕ್ಕೆ ಅಷ್ಟೇನೂ ವ್ಯತ್ಯಾಸವಿಲ್ಲ. ಕಷ್ಟ ಬರುವುದು ತೂಕ ಬದಲಾಗದ ಭಾಗಗಳಿಗೆ. ಮುಂದೆ ನಾಲ್ಕು ಬೋಲ್ಟ್‌ಗಳಲ್ಲಿ ನೇತಾಡುವ ಎಂಜಿನ್ ಸುಮಾರು 110 ಕೆಜಿ. ನೀವು ತೆಳ್ಳಗಾದರೂ, ಪೆಟ್ರೋಲ್ ಖಾಲಿಯಾದರೂ ಅದರ ತೂಕ ಇಳಿಯುವುದಿಲ್ಲ. 4.4 ಜಿಯಲ್ಲಿ ಆ ಎಂಜಿನ್ ತನ್ನ ಕಟ್ಟನ್ನು ಸುಮಾರು 485 ಕೆಜಿಯಾಗಿ ಜಗ್ಗುತ್ತದೆ, 5.4ರಲ್ಲಿ ಸುಮಾರು 595 ಕೆಜಿಯಾಗಿ. ಬ್ಯಾಟರಿಯ ಪೆಟ್ಟಿಗೆಗೆ, ಸೀಟಿನ ಹಳಿಗೆ, ಸಾಮಾನಿನ ತಟ್ಟೆಗೆ ಎಲ್ಲಕ್ಕೂ ಇದೇ ಗತಿ. ಆದ್ದರಿಂದಲೇ ಕೈಪಿಡಿ 1,670 ಪೌಂಡಿಗೆ 104, 1,500ಕ್ಕೆ 98, 1,350ಕ್ಕೆ 93 ನಾಟ್ ಎಂದು ಇಳಿಸುತ್ತಾ ಹೋಗುತ್ತದೆ. ಈ ಮೂರು ಸಂಖ್ಯೆಗಳನ್ನು ನೆನಪಿಡಬೇಕಾಗಿಯೂ ಇಲ್ಲ. ತೂಕಗಳ ಅನುಪಾತದ ವರ್ಗಮೂಲ ತೆಗೆದು 104ರಿಂದ ಗುಣಿಸಿ, ಅಲ್ಲಿಗೇ ಬಂದು ನಿಲ್ಲುತ್ತೀರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಸ್ವಲ್ಪ ಒತ್ತಿ ಹೇಳಬೇಕು. ಈ ವೇಗದ ಕೆಳಗಿದ್ದರೆ ಕಂಟ್ರೋಲನ್ನು ಹೇಗೆ ಬೇಕಾದರೂ ಆಡಿಸಬಹುದು ಎಂದು ಬಹಳ ಜನ ನಂಬಿದ್ದರು, ಈಗಲೂ ನಂಬುವವರಿದ್ದಾರೆ. ಆ ರಕ್ಷಣೆ ಇರುವುದು ಒಂದು ಕಂಟ್ರೋಲಿಗೆ, ಒಂದು ದಿಕ್ಕಿಗೆ, ಒಂದು ಸಲಕ್ಕೆ ಮಾತ್ರ. 2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಮೇಲೇರಿದ ಅಮೆರಿಕನ್ ಏರ್‌ಲೈನ್ಸ್ 587, ಏರ್‌ಬಸ್ ಎ300 ವಿಮಾನ, ಮುಂದಿದ್ದ ವಿಮಾನದ ಗಾಳಿಯ ಸುಳಿಗೆ ಸಿಕ್ಕಾಗ ಮೂಗನ್ನು ಪಕ್ಕಕ್ಕೆ ತಿರುಗಿಸುವ ಬಾಲದ ರಡ್ಡರಿನ ಪೆಡಲನ್ನು ಎಡಕ್ಕೆ ಬಲಕ್ಕೆ ಮತ್ತೆ ಮತ್ತೆ ತುಳಿಯಲಾಯಿತು. ಬಾಲದ ನೆಟ್ಟಗಿನ ರೆಕ್ಕೆಯೇ ಕಳಚಿಬಿತ್ತು. ವಿಮಾನದಲ್ಲಿದ್ದ 260 ಜನ ಮತ್ತು ನೆಲದ ಮೇಲಿದ್ದ ಐವರು ಸತ್ತರು. ಆಗ ವಿಮಾನ ಇದ್ದದ್ದು ಮ್ಯಾನುವರಿಂಗ್ ವೇಗದ ಕೆಳಗೇ. ನಿಮ್ಮ ಪುಟ್ಟ ವಿಮಾನಕ್ಕೂ ಆ ಪಾಠ ಅನ್ವಯಿಸುತ್ತದೆ. ಕಂಟ್ರೋಲುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬಡಿಯಬೇಡಿ, ಯಾವ ವೇಗದಲ್ಲೂ.

ನಿಮ್ಮ ಇನ್‌ಸ್ಟ್ರಕ್ಟರ್ ಟ್ಯಾಂಕ್ ತುಂಬಿಸದಿರುವುದಕ್ಕೆ ಬರೋಣ. ಅವರು ಜಿಪುಣರಲ್ಲ. ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ವಿಮಾನದ ಖಾಲಿ ತೂಕ ಅದರದ್ದೇ ತೂಕದ ಹಾಳೆಯಲ್ಲಿ ಇರುತ್ತದೆ. ಒಂದೇ ಮಾದರಿಯ ಎರಡು ವಿಮಾನಗಳ ಖಾಲಿ ತೂಕ ಒಂದೇ ಇರುವುದಿಲ್ಲ, ರೇಡಿಯೋ, ಬಣ್ಣ, ರಿಪೇರಿ ಎಲ್ಲವೂ ಸೇರಿಕೊಳ್ಳುತ್ತವೆ. ಲೆಕ್ಕಕ್ಕೆ 525 ಕೆಜಿ ಎಂದುಕೊಳ್ಳೋಣ. ಸಾಮಾನ್ಯ ಟ್ಯಾಂಕಿನಲ್ಲಿ ಬಳಕೆಗೆ ಬರುವ ಪೆಟ್ರೋಲ್ 24.5 ಗ್ಯಾಲನ್, ಅಂದರೆ 93 ಲೀಟರಿನ ಹತ್ತಿರ. ವಿಮಾನದ ಪೆಟ್ರೋಲ್ ಆದ ಎವಿಗ್ಯಾಸ್ ನೀರಿಗಿಂತ ಹಗುರ, ಲೀಟರಿಗೆ 720 ಗ್ರಾಂ. ಅಲ್ಲಿಗೆ 67 ಕೆಜಿ. ನೀವು 84, ಅವರು 91, ಇಬ್ಬರೂ ಸೇರಿ 175. ಒಟ್ಟು 767. ಮಿತಿ 757. ಒಂದು ಬ್ಯಾಗನ್ನೂ ಇಡದೆ ಹತ್ತು ಕೆಜಿ ಮೀರಿದಿರಿ. ಅದೇ 60 ಲೀಟರ್ ಹಾಕಿಸಿದರೆ 43 ಕೆಜಿ, ಒಟ್ಟು 743. ಹೆಡ್‌ಸೆಟ್, ನೀರಿನ ಬಾಟಲಿ, ನಕ್ಷೆ ಸೇರಿ ನಾಲ್ಕು ಕೆಜಿ ಅನ್ನಿ, 747. ಗಂಟೆಗೆ ಸುಮಾರು 23 ಲೀಟರ್ ಕುಡಿಯುವ ಎಂಜಿನ್ನಿಗೆ ಒಂದು ಗಂಟೆಯ ಪಾಠಕ್ಕೂ, ಮೀಸಲಿಗೂ ಇದು ಸಾಕು.

ಹತ್ತು ಕೆಜಿಗೆ ರೆಕ್ಕೆ ಮುರಿಯುತ್ತದೆಯೇ? ಇಲ್ಲ. ಆ 4.4ರ ಮೇಲೆ ಇನ್ನೂ ಒಂದೂವರೆ ಪಟ್ಟಿನ ಅಂತರ ಇಟ್ಟೇ ವಿನ್ಯಾಸ ಮಾಡಿರುತ್ತಾರೆ. ಮಿತಿಯ ಭಾರಕ್ಕೆ ಶಾಶ್ವತವಾಗಿ ಬಾಗಬಾರದು, ಅದರ ಒಂದೂವರೆ ಪಟ್ಟಿಗೆ ಮುರಿಯಬಾರದು, ಇದು ನಿಯಮ. ಆದರೆ ಆ ಅಂತರ ನಿಮಗಾಗಿ ಇಟ್ಟದ್ದಲ್ಲ. ಅದು ಹಳೆಯದಾದ ಲೋಹಕ್ಕೆ, ಕಣ್ಣಿಗೆ ಬೀಳದ ಬಿರುಕಿಗೆ, ನಾವು ಯಾರೂ ಊಹಿಸದ ಗಾಳಿಯ ಹೊಡೆತಕ್ಕೆ. 152ರ ಉತ್ಪಾದನೆ 1985ರಲ್ಲೇ ನಿಂತಿದೆ. ನೀವು ಹಾರಿಸುವ ವಿಮಾನ ನಿಮಗಿಂತ ಖಂಡಿತ ಹಿರಿಯದು. ಎಷ್ಟೋ ಸಾವಿರ ಲ್ಯಾಂಡಿಂಗ್‌ಗಳನ್ನು, ಅದರಲ್ಲೂ ಕಲಿಯುವವರ ಲ್ಯಾಂಡಿಂಗ್‌ಗಳನ್ನು ತಿಂದಿದೆ. ಆ ಒಂದೂವರೆ ಪಟ್ಟಿನಲ್ಲಿ ಎಷ್ಟು ಈಗಾಗಲೇ ಖರ್ಚಾಗಿದೆ ಎಂದು ಯಾವ ಮೀಟರೂ ತೋರಿಸುವುದಿಲ್ಲ.

ತೂಕದಲ್ಲಿ ಇನ್ನೊಂದು ಮಾತು. ಎಷ್ಟು ಎನ್ನುವಷ್ಟೇ ಎಲ್ಲಿ ಎನ್ನುವುದೂ ಮುಖ್ಯ. ಸೀಟಿನ ಹಿಂದೆ 120 ಪೌಂಡ್, ಅಂದರೆ 54 ಕೆಜಿವರೆಗೆ ಸಾಮಾನು ಇಡಬಹುದು. ಆದರೆ ಸ್ಪಿನ್, ಅಂದರೆ ಸ್ಟಾಲ್ ಆದ ವಿಮಾನ ಗಿರಗಿರ ತಿರುಗುತ್ತಾ ಬೀಳುವುದರ, ಅಭ್ಯಾಸಕ್ಕೆ ಹೋಗುವಾಗ ಅಲ್ಲಿ ಏನೂ ಇರಕೂಡದು. ಗುರುತ್ವ ಕೇಂದ್ರ ಹಿಂದೆ ಸರಿದಷ್ಟೂ ಸ್ಪಿನ್ನಿನಿಂದ ಹೊರಬರುವುದು ಕಷ್ಟ.

ನಿಜವಾದ ಶತ್ರು ನಮ್ಮ ಬಿಸಿಲು ಮತ್ತು ಎತ್ತರ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಕಡಲಮಟ್ಟದ ಅಂಕಿಗಳನ್ನು ಕಲಿತು ದಖ್ಖನ್ನಿನಲ್ಲಿ ಹಾರುವವರು ನಾವು. ಜಕ್ಕೂರು ಏರೋಡ್ರೋಮ್ ಇರುವುದು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲೆ. ಪುಸ್ತಕದ ಪ್ರಮಾಣ ಹವೆಯಲ್ಲಿ ಆ ಎತ್ತರದ ತಾಪ 9 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 36 ಇರುತ್ತದೆ. ಹೆಚ್ಚಿದ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿ. 27 ಡಿಗ್ರಿಗೆ 3,240 ಅಡಿ. ಅಂದರೆ ನೀವು ನಿಂತಿರುವುದು ಯಲಹಂಕದ ಪಕ್ಕದಲ್ಲಾದರೂ ನಿಮ್ಮ ಎಂಜಿನ್, ಪ್ರೊಪೆಲ್ಲರ್, ರೆಕ್ಕೆ ಮೂರೂ 6,200 ಅಡಿಯ ಬೆಟ್ಟದ ನೆತ್ತಿಯ ಗಾಳಿಯಲ್ಲಿವೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ರನ್‌ವೇ ಮಾಡಿಕೊಂಡು, ಕೊರೆಯುವ ಚಳಿಯಲ್ಲಿ ಹೊರಟ ಹಾಗೆ.

ಇದರ ಬೆಲೆ ಎಷ್ಟು? ಕಡಲಮಟ್ಟದಲ್ಲಿ, 15 ಡಿಗ್ರಿಯಲ್ಲಿ, ಪೂರ್ತಿ ತೂಕದ 152 ನೆಲ ಬಿಡಲು ಸುಮಾರು 725 ಅಡಿ ಓಡುತ್ತದೆ, 50 ಅಡಿ ಎತ್ತರದ ಅಡ್ಡಿಯನ್ನು ದಾಟಲು 1,340 ಅಡಿ ಬೇಕು. 3,000 ಅಡಿ ಎತ್ತರ, 36 ಡಿಗ್ರಿಗೆ ಅದೇ ಕೋಷ್ಟಕ ನೋಡಿದರೆ ಓಟ 1,130 ಅಡಿಯ ಆಸುಪಾಸು, ಅಡ್ಡಿ ದಾಟಲು 2,100 ಅಡಿಗೂ ಹೆಚ್ಚು. ಅದೂ ಹೊಸ ವಿಮಾನ, ಒಣ ರನ್‌ವೇ, ಪಳಗಿದ ಕೈ ಎಂಬ ಷರತ್ತಿನ ಮೇಲೆ. ಈ ಯಾವ ಸಂಖ್ಯೆಯೂ ಮಿತಿಗಳ ಅಧ್ಯಾಯದಲ್ಲಿ ಇಲ್ಲ, ಹಿಂದಿನ ಕೋಷ್ಟಕಗಳಲ್ಲಿ ಕೂತಿವೆ. ಗರಿಷ್ಠ ತೂಕ 757 ಕೆಜಿ ಎನ್ನುವುದು ರಚನೆಯ ಮಿತಿ. ಇಂದು, ಈ ರನ್‌ವೇಯಿಂದ, ಈ ಬಿಸಿಲಿನಲ್ಲಿ ಎಷ್ಟು ತೂಕ ಎನ್ನುವುದನ್ನು ನೀವೇ ಕಂಡುಕೊಳ್ಳಬೇಕು. ಅದು 757ಕ್ಕಿಂತ ಕಡಿಮೆ ಇರಬಹುದು.

ನಾನು ಇದನ್ನು ಕಲಿತದ್ದು ಕೋಷ್ಟಕದಿಂದಲ್ಲ. ಇನ್‌ಸ್ಟ್ರಕ್ಟರ್ ಆದ ಎರಡನೇ ವರ್ಷ, ಬಯಲುಸೀಮೆಯ ಒಂದು ರನ್‌ವೇ, ಮಧ್ಯಾಹ್ನ ಎರಡೂವರೆ. ಟ್ಯಾಂಕ್ ತುಂಬಿತ್ತು, ನಾವಿಬ್ಬರೂ ಸಣ್ಣವರೇನಲ್ಲ. ವೇಗದ ಮುಳ್ಳು 50 ಮುಟ್ಟಲು ಹಟ ಹಿಡಿದಂತೆ ತಡ ಮಾಡಿತು. ಕೊನೆಗೆ ಚಕ್ರ ನೆಲ ಬಿಟ್ಟಿತು, ಆದರೆ ವಿಮಾನ ಏರಲಿಲ್ಲ. ಮುಂದೆ ಜಾಲಿ ಮರಗಳ ಸಾಲು. ಸ್ಟಾಲ್ ಎಚ್ಚರಿಕೆಯ ಪೀಪಿ ಸಣ್ಣಗೆ ಕುಂಯ್ ಎನ್ನತೊಡಗಿತು. ಆಗ ಮೂಗು ಎತ್ತಬೇಕು ಎಂದು ಕೈ ತುರಿಸುತ್ತದೆ. ಎತ್ತಿದ್ದರೆ ಅಲ್ಲೇ ಕೂರುತ್ತಿದ್ದೆವು. ಮೂಗನ್ನು ಇಳಿಸಿ, ನೆಲಕ್ಕೆ ಹತ್ತಿರದಲ್ಲೇ ಹಾರಿಸುತ್ತಾ ವೇಗ 60 ಆಗುವವರೆಗೆ ಕಾದೆ. ಜಾಲಿಯ ಮೇಲೆ ಹಾದುಹೋದಾಗ ಅದರ ಹಳದಿ ಹೂ ಬೇರೆ ಬೇರೆಯಾಗಿ ಕಂಡವು. ಆ ಹೂವಿನ ಬಣ್ಣ ನನಗೆ ಇವತ್ತಿಗೂ ನೆನಪಿದೆ. ತಪ್ಪು ಪೂರ್ತಿ ನನ್ನದೇ. ಬೆಳಿಗ್ಗೆ ಏಳಕ್ಕೆ ಅದೇ ತೂಕದಲ್ಲಿ ಸರಾಗವಾಗಿ ಹಾರಿದ್ದೆ, ಮಧ್ಯಾಹ್ನಕ್ಕೆ ಬೇರೆ ಲೆಕ್ಕ ಮಾಡಲಿಲ್ಲ.

ಆ ದಿನ ನಾನು ಇನ್ನೊಂದನ್ನೂ ಮರೆತಿದ್ದೆ. 3,000 ಅಡಿಗಿಂತ ಎತ್ತರದ ಏರೋಡ್ರೋಮಿನಿಂದ ಹೊರಡುವ ಮುನ್ನ, ಥ್ರಾಟಲ್ ಪೂರ್ತಿ ಕೊಟ್ಟು ನಿಂತಲ್ಲೇ ಗರಿಷ್ಠ ಆರ್‌ಪಿಎಂ ಬರುವಂತೆ, ಕೆಂಪು ಗುಂಡಿಯನ್ನು ಹೊರಗೆಳೆದು ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ತೆಳುಗೊಳಿಸಿ ಎಂದು 152ರ ಕೈಪಿಡಿ ಹೇಳುತ್ತದೆ. ಬೆಂಗಳೂರಿನವರು ಸರಿಯಾಗಿ ಆ ಗೆರೆಯ ಮೇಲೇ ಇದ್ದಾರೆ. “ಕೆಂಪು ಗುಂಡಿ ಪೂರ್ತಿ ಒಳಗೆ” ಎಂದು ಕಡಲಮಟ್ಟದ ಚೆಕ್‌ಲಿಸ್ಟನ್ನು ಮಂತ್ರದಂತೆ ಹೇಳಿಬಿಟ್ಟರೆ, ಮೊದಲೇ ಬಡವಾದ 110 ಅಶ್ವಶಕ್ತಿಯಲ್ಲಿ ಇನ್ನಷ್ಟು ಬಿಟ್ಟುಕೊಟ್ಟ ಹಾಗೆ. ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಕೂತು ಇದನ್ನು ಒಮ್ಮೆ ಮಾಡಿ ನೋಡಿ, ಆರ್‌ಪಿಎಂ ಏರುವುದು ಕಿವಿಗೇ ಕೇಳುತ್ತದೆ.

ಅಡ್ಡಗಾಳಿಯ ವಿಷಯದಲ್ಲಿ ನಿಮ್ಮ ಸೀನಿಯರ್‌ಗಳು ಹೇಳುವುದು ಅಕ್ಷರಶಃ ಸರಿ, ಅವರು ತೆಗೆದ ತೀರ್ಮಾನ ತಪ್ಪು. 12 ನಾಟ್ ಎನ್ನುವುದು ತೋರಿಸಿಕೊಟ್ಟ ಅಡ್ಡಗಾಳಿ. ಪ್ರಮಾಣಪತ್ರದ ಪರೀಕ್ಷೆಗಾಗಿ ಕಂಪನಿಯ ಪೈಲಟ್ ಅಷ್ಟು ಗಾಳಿಯಲ್ಲಿ ಇಳಿಸಿ ತೋರಿಸಿದರು. ಇಳಿಯುವ ಸ್ಥಿತಿಯ ಸ್ಟಾಲ್ ವೇಗದ ಐದನೇ ಒಂದು ಭಾಗದಷ್ಟಾದರೂ ಅಡ್ಡಗಾಳಿಯನ್ನು ವಿಮಾನ ತಡೆಯಬೇಕು ಎಂಬುದು ನಿಯಮ, ಅದನ್ನು ದಾಟಿದರೆ ಸಾಕು. 13ರಲ್ಲಿ ಇಳಿಸಿದರೆ ನೀವು ಕಾನೂನು ಮುರಿದಂತಾಗುವುದಿಲ್ಲ. ಆದರೆ ಆ ಸಂಖ್ಯೆಯ ಹಿಂದೆ ಇದ್ದದ್ದು ಸಾವಿರಾರು ಗಂಟೆ ಹಾರಿದ ಕೈ. ನಿಮ್ಮದು ಹದಿನೆಂಟು ಗಂಟೆಯ ಕೈ. ನಿಮ್ಮ ಸರ್ ಹಾಕಿದ 7 ನಾಟ್ ವಿಮಾನದ ಮಿತಿ ಅಲ್ಲ, ಇಂದಿನ ನಿಮ್ಮ ಮಿತಿ. ಗಂಟೆಗಳು ಸೇರಿದಂತೆ ಅದು ಮೇಲೇರುತ್ತದೆ, ಅವರೇ ಏರಿಸುತ್ತಾರೆ.

ಬೆಂಗಳೂರಿನ ರನ್‌ವೇಗಳನ್ನು ನಕ್ಷೆಯಲ್ಲಿ ನೋಡಿ. ಜಕ್ಕೂರು, ಯಲಹಂಕ, ಎಚ್‌ಎಎಲ್, ಕೆಂಪೇಗೌಡ ನಿಲ್ದಾಣ, ಎಲ್ಲವೂ ಪೂರ್ವ ಪಶ್ಚಿಮವಾಗಿ ಮಲಗಿವೆ. ಮುಂಗಾರಿನ ಪಶ್ಚಿಮದ ಗಾಳಿಗೂ, ಚಳಿಗಾಲದ ಮೂಡಗಾಳಿಗೂ ಅವು ಮುಖ ಕೊಟ್ಟು ನಿಂತಿವೆ. ಹಾಗಾಗಿ ಇಲ್ಲಿ ಕಲಿಯುವವರಿಗೆ ಬಲವಾದ ಗಾಳಿ ಸಿಕ್ಕರೂ ಅಡ್ಡಗಾಳಿಯ ಅಭ್ಯಾಸ ಕಡಿಮೆ. ಇದೂ ನಿಮ್ಮ ಸರ್ ತಲೆಯಲ್ಲಿ ಇರಬಹುದು. ಲೆಕ್ಕವನ್ನು ಕೈಬೆರಳಲ್ಲೇ ಇಟ್ಟುಕೊಳ್ಳಿ: ಗಾಳಿ ರನ್‌ವೇಗೆ 30 ಡಿಗ್ರಿ ಓರೆಯಾಗಿದ್ದರೆ ಅದರ ಅರ್ಧದಷ್ಟು ಅಡ್ಡಗಾಳಿ. 14 ನಾಟ್ ಗಾಳಿಗೆ ನಿಮ್ಮ ಏಳು ಮುಗಿಯಿತು.

ಈಗ ಕೆಂಪು ಗೆರೆ. 152ರಲ್ಲಿ ಅದು 149 ನಾಟ್. ಹಸಿರು ಪಟ್ಟಿ 111ಕ್ಕೆ ಮುಗಿಯುತ್ತದೆ, ಅಲ್ಲಿಂದ 149ರವರೆಗೆ ಹಳದಿ. ಹಳದಿಯಲ್ಲಿ ಹಾರಬಹುದು, ಆದರೆ ಗಾಳಿ ಕದಡಿರಬಾರದು. ಕೆಂಪು ಗೆರೆಯಲ್ಲಿ ರೆಕ್ಕೆ ಪಟ್ಟೆಂದು ಮುರಿಯುತ್ತದೆ ಎನ್ನುವುದು ತಪ್ಪು ಕಲ್ಪನೆ. ವಿನ್ಯಾಸದ ಡೈವ್ ವೇಗದ ಶೇ 90ರ ಒಳಗೇ ಕೆಂಪು ಗೆರೆ ಇರಬೇಕು ಎಂಬುದು ನಿಯಮ. ಆಚೆಗೆ ಹತ್ತರಲ್ಲಿ ಒಂದು ಪಾಲಿನ ಅಂತರ ಉಳಿಸಿದ್ದಾರೆ. ಅಲ್ಲಿ ಕಾದಿರುವ ಭಯ ಮುಖ್ಯವಾಗಿ ಫ್ಲಟರ್. ಜೋರು ಗಾಳಿಗೆ ಸಡಿಲವಾದ ತಗಡಿನ ಮಾಡು ಬಡಿದುಕೊಳ್ಳುವುದನ್ನು ಕೇಳಿದ್ದೀರಿ. ಒಂದು ವೇಗದವರೆಗೆ ಸುಮ್ಮನಿರುತ್ತದೆ, ಅದು ದಾಟಿದರೆ ಗಾಳಿಯೇ ಅದರ ಕಂಪನಕ್ಕೆ ಬಲ ತುಂಬುತ್ತಾ ಹೋಗುತ್ತದೆ. ರೆಕ್ಕೆಯ ತುದಿಯ ಐಲೆರಾನ್, ಬಾಲದ ಎಲಿವೇಟರ್, ರಡ್ಡರ್ ಎಂಬ ಅಲ್ಲಾಡುವ ಪಟ್ಟಿಗಳು ಹಾಗೆ ಬಡಿದುಕೊಳ್ಳಲು ಶುರುವಾದರೆ ಕೆಲವೇ ಕ್ಷಣಗಳಲ್ಲಿ ಕಿತ್ತುಹೋಗಬಹುದು. ಹಿಂಜು ಸವೆದಿದ್ದರೆ, ಬಣ್ಣ ಬಳಿದ ಮೇಲೆ ತೂಕದ ಸಮತೋಲ ಪರೀಕ್ಷಿಸದಿದ್ದರೆ ಆ ವೇಗ ಕೆಳಗೆ ಬರುತ್ತದೆ. ಹಾರುವ ಮುನ್ನ ಐಲೆರಾನನ್ನು ಹಿಡಿದು ಅಲ್ಲಾಡಿಸಿ ನೋಡಲು ಹೇಳುವುದು ಇದಕ್ಕೇ.

ಸೀದಾ ಹಾರುವಾಗ 152 ಆ ಗೆರೆಯ ಹತ್ತಿರಕ್ಕೂ ಹೋಗುವುದಿಲ್ಲ. ವಿದ್ಯಾರ್ಥಿಗಳು ಅಲ್ಲಿಗೆ ಮುಟ್ಟುವುದು ಸ್ಪೈರಲ್ ಡೈವ್‌ನಲ್ಲಿ. ಕಡಿದಾದ ತಿರುವಿನಲ್ಲಿ ಮೂಗು ಬಿದ್ದು, ವೇಗ ಏರುತ್ತದೆ, ಎಂಜಿನ್ ಕೂಗುತ್ತದೆ. ಗಾಬರಿಯಲ್ಲಿ ಕಂಟ್ರೋಲ್ ಎಳೆದರೆ ತಿರುವು ಇನ್ನೂ ಬಿಗಿಯಾಗುತ್ತದೆ, ಜಿ ಏರುತ್ತದೆ. ಎರಡು ಮಿತಿಗಳನ್ನು ಒಟ್ಟಿಗೇ ಒಡೆಯುವ ದಾರಿ ಅದು. ಅಲಗಿನ ಕೋನ ಬದಲಾಗದ ಪ್ರೊಪೆಲ್ಲರ್ ಆದ್ದರಿಂದ 2,550 ಆರ್‌ಪಿಎಂನ ಕೆಂಪು ಗೆರೆಯೂ ದಾಟಿ ಮೂರಾಗಬಹುದು. ಮೊದಲು ಥ್ರಾಟಲ್ ಹೊರಗೆ, ಆಮೇಲೆ ರೆಕ್ಕೆ ಸಮ, ಆಮೇಲೆ ಮೆಲ್ಲಗೆ ಮೂಗು ಮೇಲಕ್ಕೆ. ಈ ಕ್ರಮ ತಪ್ಪಬಾರದು.

ಫ್ಲಾಪಿನ ಮಿತಿ 85 ನಾಟ್. ಫ್ಲಾಪ್ ಇಳಿಸಿದಾಗ ಒಪ್ಪಿದ ಜಿ ಕೂಡ 4.4ರಿಂದ 3.5ಕ್ಕೆ ಇಳಿಯುತ್ತದೆ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಎಂಜಿನ್ ಆಯಿಲ್ ನಾಲ್ಕು ಕ್ವಾರ್ಟಿಗಿಂತ ಕಡಿಮೆ ಇದ್ದರೆ ಹೊರಡಬೇಡಿ. ಸ್ಟಾರ್ಟ್ ಆದ ಮೂವತ್ತು ಸೆಕೆಂಡಿನಲ್ಲಿ ಆಯಿಲ್ ಒತ್ತಡ ಏಳದಿದ್ದರೆ ಎಂಜಿನ್ ನಿಲ್ಲಿಸಿ. ಇವುಗಳಲ್ಲಿ ಚರ್ಚೆ ಮಾಡುವಂಥದ್ದೇನೂ ಇಲ್ಲ.

ಮಿತಿ ದಾಟಿಬಿಟ್ಟರೆ ಏನು ಮಾಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ಸೋಲೋದಿಂದ ಇಳಿದವಳೇ, ಹೆಡ್‌ಸೆಟ್ ತೆಗೆಯುವ ಮುಂಚೆಯೇ, “ಸರ್, ನೂರರಲ್ಲಿ ಫ್ಲಾಪ್ ಇಳಿಸಿಬಿಟ್ಟೆ” ಎಂದಳು. ಮುಖ ಬಿಳಿಚಿಕೊಂಡಿತ್ತು. ಟೆಕ್ ಲಾಗ್‌ನಲ್ಲಿ ಬರೆಸಿದೆ. ನಮ್ಮ ಎಂಜಿನಿಯರ್ ಬಂದು ಫ್ಲಾಪಿನ ಹಳಿ, ರೋಲರ್, ತಳ್ಳುವ ಸಲಾಕೆ ಎಲ್ಲ ನೋಡಿದರು. ಆಮೇಲೆ ರೆಕ್ಕೆಯ ಕೆಳಗೆ ಬಗ್ಗಿ, ರಿವೆಟ್ಟುಗಳ ಸಾಲಿನ ಮೇಲೆ ಹೆಬ್ಬೆರಳು ಎಳೆಯುತ್ತಾ ಹೋದರು. ಸಡಿಲವಾದ ರಿವೆಟ್ಟಿನ ಸುತ್ತ ಲೋಹ ಲೋಹಕ್ಕೆ ತಿಕ್ಕಿ ಕಪ್ಪು ಪುಡಿ ಬರುತ್ತದೆ, ಗಾಳಿ ಅದನ್ನು ಹಿಂದಕ್ಕೆ ಎಳೆದು ಕಾಡಿಗೆಯ ಗೆರೆಯಂತೆ ಬಿಡಿಸಿರುತ್ತದೆ. ಅವರ ಹೆಬ್ಬೆರಳು ಸ್ವಚ್ಛವಾಗಿಯೇ ಇತ್ತು. ಅರ್ಧ ಗಂಟೆಯಲ್ಲಿ ವಿಮಾನ ಮತ್ತೆ ಹಾರಾಟಕ್ಕೆ ಸಿಕ್ಕಿತು. ಅವಳಿಗೆ ಯಾರೂ ಒಂದು ಮಾತು ಬೈಯಲಿಲ್ಲ. ಅವಳು ಸುಮ್ಮನಿದ್ದಿದ್ದರೆ, ಒಂದು ವೇಳೆ ಏನಾದರೂ ಬಾಗಿದ್ದರೆ, ಅದು ಗೊತ್ತಾಗುತ್ತಿದ್ದದ್ದು ಮುಂದಿನ ಹುಡುಗನಿಗೆ. ಅಂದಿನಿಂದ ನಾನೂ ಹಾರುವ ಮುನ್ನ ಆ ಕಾಡಿಗೆ ಹುಡುಕುತ್ತೇನೆ. ನೀವೂ ರೆಕ್ಕೆಗೆ ಆಸರೆಯಾದ ಓರೆ ಕಂಬ, ಸ್ಟ್ರಟ್, ರೆಕ್ಕೆಗೆ ಸೇರುವ ಜಾಗದಲ್ಲಿ ಒಮ್ಮೆ ಬೆರಳಾಡಿಸಿ.

ಮಿತಿಗಳು ಕಲ್ಲಿನ ಮೇಲೆ ಕೆತ್ತಿದವೂ ಅಲ್ಲ. 152ಕ್ಕೆ ಸ್ಪಿನ್ ಅನುಮತಿ ಮೊದಲಿನಿಂದ ಇತ್ತು. 1998ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಇನ್‌ಸ್ಟ್ರಕ್ಟರ್ ಮತ್ತು ವಿದ್ಯಾರ್ಥಿ ಇದ್ದ ಒಂದು 152 ಸ್ಪಿನ್ನಿನಿಂದ ಹೊರಬರಲಿಲ್ಲ. ರಡ್ಡರ್ ತನ್ನ ತಡೆಯನ್ನು ದಾಟಿ ಅಲ್ಲೇ ಸಿಕ್ಕಿಕೊಂಡಿತ್ತು. 2009ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಆದೇಶ ಹೊರಡಿಸಿತು: ರಡ್ಡರ್ ತಡೆಯನ್ನು ಬದಲಿಸಿ, ಇಲ್ಲವೇ ಸ್ಪಿನ್ ನಿಷೇಧಿಸುವ ಫಲಕ ಹಾಕಿ. ಹಾಗಾಗಿ ನಿಮ್ಮ ಕೈಯಲ್ಲಿರುವ ಹಳೆಯ ಕೈಪಿಡಿಯ ಝೆರಾಕ್ಸ್ “ಸ್ಪಿನ್ ಮಾಡಬಹುದು” ಎಂದರೂ ಅಷ್ಟಕ್ಕೇ ನಂಬಬೇಡಿ. ನಿಮ್ಮ ವಿಮಾನದ ಡ್ಯಾಶ್‌ಬೋರ್ಡಿನ ಫಲಕ ಏನು ಹೇಳುತ್ತದೆ, ರಡ್ಡರ್ ತಡೆ ಬದಲಿಸುವ ಕಿಟ್ ಹಾಕಿದ್ದಾರೆಯೇ ಎಂದು ಎಂಜಿನಿಯರ್ ಹತ್ತಿರ ಕೇಳಿ.

ಕೊನೆಗೆ ನಿಮ್ಮ ಸೋಲೋ. ಆ ದಿನ ನಿಮ್ಮ ಸರ್ ಎಂಜಿನ್ ಓಡುತ್ತಿರುವಾಗಲೇ ಬಾಗಿಲು ತೆಗೆದು ಇಳಿಯುತ್ತಾರೆ, ಬೆಲ್ಟನ್ನು ಖಾಲಿ ಸೀಟಿಗೆ ಬಿಗಿದು ಬಾಗಿಲು ಬಡಿಯುತ್ತಾರೆ. ಥ್ರಾಟಲ್ ಕೊಟ್ಟಾಗ ವಿಮಾನ ನೀವು ನಿರೀಕ್ಷಿಸಿದ್ದಕ್ಕಿಂತ ಬೇಗ ನೆಲ ಬಿಡುತ್ತದೆ, ಸರಸರ ಏರುತ್ತದೆ, ಬೇರೆಯದೇ ವಿಮಾನ ಅನ್ನಿಸುತ್ತದೆ. 91 ಕೆಜಿ ಇಳಿದುಹೋಗಿದೆ. ಲೆಕ್ಕ ಮಾಡಿ: 525, ನಿಮ್ಮ 84, ಪೆಟ್ರೋಲ್ 43, ಒಟ್ಟು 652 ಕೆಜಿ. ಅವರು ಪಕ್ಕದಲ್ಲಿ ಕೂತಿದ್ದಾಗ 103 ಇದ್ದ ನಿಮ್ಮ ಮ್ಯಾನುವರಿಂಗ್ ವೇಗ ಈಗ 96ಕ್ಕೆ ಇಳಿದಿದೆ. ಮೀಟರಿನ ಮೇಲೆ ಅದಕ್ಕೆ ಯಾವ ಬಣ್ಣದ ಗುರುತೂ ಇಲ್ಲ. ನಿಮ್ಮ ವಿಮಾನದ ನಿಜವಾದ ಖಾಲಿ ತೂಕ ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿ, ಬಂದ ಸಂಖ್ಯೆಯನ್ನು ತೊಡೆಗೆ ಕಟ್ಟಿಕೊಳ್ಳುವ ಹಾಳೆಯ ಮೇಲ್ತುದಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿ.